ಪಾಠದ ನಡುವೆ ಮೊರೆಯುವ ಕಂಪ್ಯೂಟರ್: ಸದ್ದು ಕಡಿಮೆಯ ಕೂಲರ್ ಆರಿಸುವುದು ಹೇಗೆ?

ಪ್ರಶ್ನೆ: ನಾನು ಕಲಬುರಗಿಯ ನಿವೃತ್ತ ಗಣಿತ ಶಿಕ್ಷಕ. ಎಸ್‌ಎಸ್‌ಎಲ್‌ಸಿ ಮಕ್ಕಳಿಗಾಗಿ ಮನೆಯಲ್ಲೇ ಪಾಠಗಳನ್ನು ರೆಕಾರ್ಡ್ ಮಾಡುತ್ತೇನೆ. ಕಂಪ್ಯೂಟರಿನಲ್ಲಿ ಇಂಟೆಲ್ ಐ5-12400 ಪ್ರೊಸೆಸರ್ ಇದೆ. ಅದನ್ನು ತಣಿಸಲು ಅದರ ಜೊತೆಗೇ ಬಂದ ಕೂಲರ್, ಅಂದರೆ ಲೋಹದ ಮೇಲೆ ಫ್ಯಾನ್ ಕೂರಿಸಿದ ಸಾಧನ, ಬಳಸುತ್ತಿದ್ದೇನೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಪಾಠದ ನಡುವೆ ಕಂಪ್ಯೂಟರ್ ಇದ್ದಕ್ಕಿದ್ದಂತೆ ಮೊರೆಯುತ್ತದೆ, ಸ್ವಲ್ಪ ಹೊತ್ತಿಗೆ ಸುಮ್ಮನಾಗುತ್ತದೆ, ಮತ್ತೆ ಮೊರೆಯುತ್ತದೆ. ಅಂಗಡಿಯವರು ವಾಟರ್ ಕೂಲರ್ ಹಾಕಿಸಿ ಎನ್ನುತ್ತಾರೆ. ತಮ್ಮನ ಹಳೆಯ ಕಂಪ್ಯೂಟರಿನ ಕೂಲರ್ ಮಾಸ್ಟರ್ ಹೈಪರ್ 212 ಖಾಲಿ ಬಿದ್ದಿದೆ. ನಾಲ್ಕು ಸಾವಿರ ರೂಪಾಯಿವರೆಗೆ ಖರ್ಚು ಮಾಡಬಲ್ಲೆ. ಯಾವುದು ಸರಿ?

ಉತ್ತರ: ಗುರುಗಳೇ, ದುಡ್ಡು ಖರ್ಚು ಮಾಡುವ ಮುನ್ನ ಒಂದು ಹಳೆಯ ದಿನಪತ್ರಿಕೆ ತೆಗೆದುಕೊಂಡು ಕೊಳವೆಯಂತೆ ಸುತ್ತಿ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆಯಿರಿ. ಕಂಪ್ಯೂಟರ್ ಮೊರೆಯುತ್ತಿರುವಾಗ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟುಕೊಂಡು ಇನ್ನೊಂದು ತುದಿಯನ್ನು ಒಂದೊಂದೇ ಫ್ಯಾನಿನ ಎದುರಿಗೆ ಒಯ್ಯಿರಿ. ರೆಕ್ಕೆಗೆ ತಾಗದಂತೆ ನಾಲ್ಕು ಬೆರಳು ದೂರವಿರಲಿ. ಯಾವ ಸದ್ದು ಎಲ್ಲಿಂದ ಬರುತ್ತಿದೆ ಎಂಬುದು ಅರೆ ನಿಮಿಷದಲ್ಲಿ ತಿಳಿದುಹೋಗುತ್ತದೆ. ಕಂಪ್ಯೂಟರಿಗೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆಯೊಳಗಿನ ಫ್ಯಾನ್ ಕೂಗುತ್ತಿದ್ದರೆ, ಹಳೆಯ ಹಾರ್ಡ್ ಡಿಸ್ಕ್ ಗುಂಯ್‌ಗುಡುತ್ತಿದ್ದರೆ, ಹಿಂಬದಿಯ ಫ್ಯಾನಿನ ಬೇರಿಂಗ್ ಸವೆದು ಕರಕರ ಎನ್ನುತ್ತಿದ್ದರೆ, ಪ್ರೊಸೆಸರಿಗೆ ಎಂಥ ಕೂಲರ್ ತಂದರೂ ಕೋಣೆ ಶಾಂತವಾಗುವುದಿಲ್ಲ.

ಅದೇ ಹೊತ್ತಿಗೆ ಇನ್ನೊಂದು ಪರೀಕ್ಷೆಯೂ ಆಗಿಬಿಡಲಿ. ಬಾಗಿಲು ತೆಗೆದ ಹತ್ತು ನಿಮಿಷದಲ್ಲಿ ಸದ್ದು ಎದ್ದು ಕಾಣುವಷ್ಟು ಇಳಿಯಿತೇ? ಇಳಿದರೆ ಕ್ಯಾಬಿನೆಟ್ಟಿಗೆ ಉಸಿರು ಕಟ್ಟಿದೆ ಎಂದರ್ಥ. ಮುಂಭಾಗ ಪೂರ್ತಿ ಗಾಜಿನಿಂದ ಮುಚ್ಚಿದ ಕ್ಯಾಬಿನೆಟ್ಟುಗಳಲ್ಲಿ ಇದು ಸಾಮಾನ್ಯ. ಒಳಗಿನ ಬಿಸಿ ಗಾಳಿಯನ್ನೇ ಕೂಲರ್ ಮತ್ತೆ ಮತ್ತೆ ಎಳೆದುಕೊಳ್ಳುತ್ತಿರುತ್ತದೆ. ಆಗ ಮೊದಲು ಬೇಕಾದದ್ದು ಮುಂದೆ ಒಂದು, ಹಿಂದೆ ಒಂದು ನಿಧಾನಗತಿಯ ಫ್ಯಾನ್. ಕೂಲರ್ ಆಮೇಲೆ.

ನಿಮ್ಮ ಪತ್ರದ ವಿವರ ನೋಡಿದರೆ ಸದ್ದು ಪ್ರೊಸೆಸರಿನ ಫ್ಯಾನಿನದೇ ಎಂದು ನನಗೆ ಅನಿಸುತ್ತದೆ. ಏರುವುದು, ಇಳಿಯುವುದು, ಮತ್ತೆ ಏರುವುದು ಅದರ ಲಕ್ಷಣ. ಇಂಟೆಲ್ ಪೆಟ್ಟಿಗೆಯಲ್ಲೇ ಕೊಡುವ ಆ ದುಂಡನೆಯ ಕೂಲರ್ ಕೆಟ್ಟದ್ದಲ್ಲ, ಪ್ರೊಸೆಸರನ್ನು ಸುಡಲು ಬಿಡುವುದಿಲ್ಲ. ಆದರೆ ಅದರಲ್ಲಿ ಲೋಹ ಕಡಿಮೆ, ಫ್ಯಾನ್ ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಬಿಸಿ ಏರಿದಾಗ ಅದಕ್ಕಿರುವುದು ಒಂದೇ ದಾರಿ: ವೇಗ ಹೆಚ್ಚಿಸುವುದು. ಪೂರ್ಣ ವೇಗದಲ್ಲಿ ನಿಮಿಷಕ್ಕೆ ಮೂರು ಸಾವಿರ ಸುತ್ತಿನ ಆಸುಪಾಸು ತಿರುಗುತ್ತದೆ.

ಇಲ್ಲಿ ನಿಮ್ಮ ವಿಷಯದಿಂದಲೇ ಒಂದು ಲೆಕ್ಕ ತೆಗೆಯುತ್ತೇನೆ. ಒಂದೇ ಫ್ಯಾನಿನ ವೇಗ ಬದಲಾದಾಗ ಸದ್ದು ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಎಂಜಿನಿಯರುಗಳು ಬಳಸುವ ಅಂದಾಜು ಸೂತ್ರವೊಂದಿದೆ: ಎರಡು ವೇಗಗಳ ಅನುಪಾತದ ಲಾಗರಿದಮ್ಮನ್ನು 50ರಿಂದ ಗುಣಿಸಿ. ಎರಡರ ಲಾಗರಿದಮ್ 0.3010 ಎಂದು ನಿಮ್ಮ ನಾಲಿಗೆಯ ತುದಿಯಲ್ಲೇ ಇರುತ್ತದೆ. ಅಂದರೆ ವೇಗವನ್ನು ಅರ್ಧಕ್ಕೆ ಇಳಿಸಿದರೆ ಸದ್ದು ಹೆಚ್ಚುಕಡಿಮೆ 15 ಡೆಸಿಬೆಲ್ ಇಳಿಯುತ್ತದೆ. ಹತ್ತು ಡೆಸಿಬೆಲ್ ಇಳಿದರೆ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ. ಹದಿನೈದು ಇಳಿದರೆ ಸುಮಾರು ಮೂರನೇ ಒಂದು ಭಾಗ. ಆದರೆ ಆ ಫ್ಯಾನ್ ತಳ್ಳುವ ಗಾಳಿ ವೇಗದ ಅನುಪಾತದಲ್ಲಷ್ಟೇ, ಅಂದರೆ ಅರ್ಧಕ್ಕೆ ಮಾತ್ರ ಇಳಿದಿರುತ್ತದೆ. ಸದ್ದು ಕಡಿಮೆಯ ಕೂಲರಿನ ವಿದ್ಯೆಯೆಲ್ಲ ಈ ಅಂತರದಲ್ಲಿದೆ. ಲೋಹದ ತಗಡುಗಳ ವಿಸ್ತಾರ ಹೆಚ್ಚಿದಷ್ಟೂ ಅಷ್ಟೇ ಬಿಸಿಯನ್ನು ನಿಧಾನದ ಗಾಳಿಯೂ ಹೊತ್ತುಕೊಂಡು ಹೋಗುತ್ತದೆ. ಆದ್ದರಿಂದ ಅಂಗಡಿಯಲ್ಲಿ ‘ಸೈಲೆಂಟ್ ಫ್ಯಾನ್’ ಎಂಬ ಚೀಟಿ ಹುಡುಕಬೇಡಿ, ಲೋಹ ಹುಡುಕಿ. ಪೆಟ್ಟಿಗೆಯ ಮೇಲೆ ಒಬ್ಬರು 25 ಡೆಸಿಬೆಲ್ ಎಂದು, ಇನ್ನೊಬ್ಬರು 29 ಎಂದು ಬರೆದಿರುತ್ತಾರೆ. ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಅಳೆಯುವುದರಿಂದ ಆ ಅಂಕಿಗಳನ್ನು ಎದುರುಬದುರು ಇಟ್ಟು ಹೋಲಿಸಲಾಗದು. ‘220 ವ್ಯಾಟ್ ತಾಳುತ್ತದೆ’ ಎಂಬ ಬರಹದ ಕಥೆಯೂ ಅದೇ. ತಾಳಬಹುದು, ಎಷ್ಟು ಸದ್ದು ಮಾಡಿಕೊಂಡು ತಾಳುತ್ತದೆ ಎಂಬುದನ್ನು ಅಲ್ಲಿ ಬರೆದಿರುವುದಿಲ್ಲ.

ಹಾಗಾದರೆ ನಿಮಗೆ ಎಷ್ಟು ಲೋಹ ಬೇಕು? ಐ5-12400ರ ಮೂಲ ವಿದ್ಯುತ್ ಮಿತಿ 65 ವ್ಯಾಟ್. ಒತ್ತಡ ಬಿದ್ದಾಗ ಇಂಟೆಲ್ ಅದಕ್ಕೆ 117 ವ್ಯಾಟ್‌ವರೆಗೆ ಅವಕಾಶ ಕೊಟ್ಟಿದೆ. ಪಾಠ ರೆಕಾರ್ಡ್ ಮಾಡುವಾಗ ಅಷ್ಟು ಏರುವುದಿಲ್ಲ, ವಿಡಿಯೊ ಸಿದ್ಧಪಡಿಸಿ ಹೊರತೆಗೆಯುವಾಗ ಏರಬಹುದು. ಐ9-14900ಕೆಯಂಥ ಪ್ರೊಸೆಸರಿಗೆ ಈ ಮಿತಿ 253 ವ್ಯಾಟ್. ಅಂಥದ್ದನ್ನು ಸದ್ದಿಲ್ಲದೆ ತಣಿಸುವುದು ನಿಜಕ್ಕೂ ಕಷ್ಟ. ನಿಮ್ಮದು ಸುಲಭದ ಲೆಕ್ಕ. ಒಂದು ಗೋಪುರದ ಸಾಮಾನ್ಯ ಕೂಲರ್ ಸಾಕು, ಎರಡು ಗೋಪುರದ್ದು ಬಂದರೆ ಇನ್ನೂ ನೆಮ್ಮದಿ.

ಗೋಪುರವೆಂದರೆ ಪ್ರೊಸೆಸರಿನ ಮೇಲೆ ಒಂದು ಲೋಹದ ಪೀಠ, ಅದರಿಂದ ಮೇಲಕ್ಕೆ ಹೋಗುವ ತಾಮ್ರದ ಕೊಳವೆಗಳು, ಆ ಕೊಳವೆಗಳಿಗೆ ಪೋಣಿಸಿದ ಹತ್ತಾರು ತೆಳು ಅಲ್ಯೂಮಿನಿಯಂ ತಗಡುಗಳು, ಪಕ್ಕದಲ್ಲಿ ಫ್ಯಾನ್. ಈ ಕೊಳವೆಗಳನ್ನು ಹೀಟ್ ಪೈಪ್ ಎನ್ನುತ್ತಾರೆ. ಅವು ಗಟ್ಟಿ ಸರಳುಗಳಲ್ಲ. ಒಳಗಿನ ಗಾಳಿಯನ್ನೆಲ್ಲ ತೆಗೆದು, ಸ್ವಲ್ಪವೇ ನೀರು ಬಿಟ್ಟು, ಎರಡೂ ತುದಿ ಬೆಸೆದಿರುತ್ತಾರೆ. ಗಾಳಿಯ ಒತ್ತಡವಿಲ್ಲದ್ದರಿಂದ ಆ ನೀರು ಕಡಿಮೆ ಬಿಸಿಗೇ ಆವಿಯಾಗುತ್ತದೆ. ಆವಿ ತಣ್ಣನೆಯ ತುದಿಗೆ ಓಡಿ ಅಲ್ಲಿ ಬಿಸಿಯನ್ನು ಬಿಟ್ಟು ಮತ್ತೆ ನೀರಾಗುತ್ತದೆ. ಕೊಳವೆಯ ಒಳಮೈಗೆ ಅಂಟಿದ ಸಣ್ಣರಂಧ್ರಗಳ ತಾಮ್ರದ ಪದರ, ದೀಪದ ಬತ್ತಿ ಎಣ್ಣೆ ಹೀರುವಂತೆ, ಆ ನೀರನ್ನು ವಾಪಸ್ ಎಳೆದುಕೊಳ್ಳುತ್ತದೆ. ಮೋಟರಿಲ್ಲ, ಸದ್ದಿಲ್ಲ, ವರ್ಷಗಟ್ಟಲೆ ನಡೆಯುತ್ತಲೇ ಇರುತ್ತದೆ. ನನಗೆ ಈ ಸಣ್ಣ ಕೊಳವೆಯ ಮೇಲಿರುವ ಅಭಿಮಾನ ಇಡೀ ಕಂಪ್ಯೂಟರಿನ ಬೇರೆ ಯಾವ ಭಾಗದ ಮೇಲೂ ಇಲ್ಲ.

ನಿಮ್ಮ ಮಿತಿಯಲ್ಲಿ ಎರಡು ಹೆಸರು ಹೇಳುತ್ತೇನೆ. ಡೀಪ್‌ಕೂಲ್ ಎಕೆ400: ಒಂದೇ ಗೋಪುರ, ನಾಲ್ಕು ಹೀಟ್ ಪೈಪ್, 120 ಮಿಲಿಮೀಟರ್‌ನ ಒಂದು ಫ್ಯಾನ್, ಎತ್ತರ 155 ಮಿಲಿಮೀಟರ್. ಥರ್ಮಲ್‌ರೈಟ್ ಪಿಯರ್‌ಲೆಸ್ ಅಸಾಸಿನ್ 120 ಎಸ್‌ಇ: ಎರಡು ಗೋಪುರ, ಆರು ಹೀಟ್ ಪೈಪ್, 120 ಮಿಲಿಮೀಟರ್‌ನ ಎರಡು ಫ್ಯಾನ್, ಎತ್ತರ ಅದೇ 155. ಎರಡು ಫ್ಯಾನ್ ಇದ್ದರೆ ಸದ್ದು ಎರಡರಷ್ಟಾಗುವುದಿಲ್ಲವೇ ಎಂದು ನೀವು ಕೇಳಬಹುದು. ಮತ್ತೆ ಎರಡರ ಲಾಗರಿದಮ್ಮಿಗೇ ಬನ್ನಿ, ಈ ಬಾರಿ 10ರಿಂದ ಗುಣಿಸಿ: ಒಂದೇ ವೇಗದ ಇನ್ನೊಂದು ಫ್ಯಾನ್ ಸೇರಿದರೆ ಹೆಚ್ಚುವುದು 3 ಡೆಸಿಬೆಲ್. ಆದರೆ ಲೋಹ ಹೆಚ್ಚಿರುವುದರಿಂದ, ಒಂದು ಫ್ಯಾನ್ 1,500 ಸುತ್ತು ತಿರುಗಬೇಕಾದಲ್ಲಿ ಎರಡೂ 1,100ರಲ್ಲಿ ತಿರುಗಿದರೆ ಸಾಕು ಎಂದುಕೊಳ್ಳಿ. ವೇಗ ಇಳಿದದ್ದರಿಂದ ಸುಮಾರು 6.7 ಡೆಸಿಬೆಲ್ ಇಳಿಯಿತು, ಜೋಡಿಯಾದದ್ದರಿಂದ 3 ಏರಿತು. ಒಟ್ಟಿನಲ್ಲಿ ಮೂರೂವರೆಗಿಂತ ಹೆಚ್ಚು ಡೆಸಿಬೆಲ್ ಲಾಭ.

ಬೆಂಗಳೂರಿನ ಓದುಗರು ಕೇಳಿದ್ದರೆ ಎಕೆ400 ಸಾಕು ಎನ್ನುತ್ತಿದ್ದೆ. ನಿಮಗೆ ಎರಡು ಗೋಪುರದ್ದನ್ನೇ ಹೇಳುತ್ತೇನೆ, ಕಾರಣ ನಿಮ್ಮೂರಿನ ಬೇಸಿಗೆ. ಗಾಳಿಯಿಂದ ತಣಿಸುವ ಯಾವ ಕೂಲರೂ ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಅದು ಕೊಡುವುದು ಕೋಣೆಯ ಬಿಸಿಯ ಮೇಲೆ ಇಂತಿಷ್ಟು ಡಿಗ್ರಿ ಎಂಬ ಭರವಸೆ ಮಾತ್ರ. 25 ಡಿಗ್ರಿಯ ಕೋಣೆಯಲ್ಲಿ 65 ತೋರಿಸುವ ಪ್ರೊಸೆಸರ್, ಅದೇ ಕೆಲಸಕ್ಕೆ, ಅದೇ ಫ್ಯಾನ್ ವೇಗಕ್ಕೆ, 38 ಡಿಗ್ರಿಯ ಕೋಣೆಯಲ್ಲಿ 78 ತೋರಿಸುತ್ತದೆ. ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ಬರೆದ ವಿಮರ್ಶೆಗಳಲ್ಲಿನ ಅಂಕಿಗಳನ್ನು ಕಲಬುರಗಿಯ ಮೇ ತಿಂಗಳಿಗೆ ಹಾಗೆಯೇ ತಂದಿಟ್ಟುಕೊಳ್ಳಬೇಡಿ, ಹತ್ತು ಹದಿನೈದು ಡಿಗ್ರಿ ಕೂಡಿಸಿಕೊಳ್ಳಿ. ಲೋಹ ಹೆಚ್ಚಿದ್ದರೆ ಆ ಹೆಚ್ಚುವರಿ ಬಿಸಿಯನ್ನು ಫ್ಯಾನ್ ಕೂಗದೆ ನುಂಗಿಕೊಳ್ಳುತ್ತದೆ.

ಆಸ್ಟ್ರಿಯಾದ ನೊಕ್ಟುವಾದ ಹೆಸರು ನೀವು ಕೇಳಿರಬಹುದು. ಕಂದು ಬಣ್ಣದ ಫ್ಯಾನುಗಳಿಂದ ಗುರುತಿಸಿಕೊಂಡ ಈ ಸಂಸ್ಥೆ 2005ರಿಂದ ಸದ್ದು ಕಡಿಮೆ ಮಾಡುವುದನ್ನೇ ಕಾಯಕ ಮಾಡಿಕೊಂಡಿದೆ. ಅವರ ಎನ್‌ಎಚ್-ಡಿ15 ಬಹಳ ಒಳ್ಳೆಯ ಕೂಲರ್, ಬೆಲೆ ಮಾತ್ರ ನಿಮ್ಮ ಮಿತಿಯ ಎರಡು ಪಟ್ಟಿಗಿಂತಲೂ ಹೆಚ್ಚು. 117 ವ್ಯಾಟ್‌ನ ಪ್ರೊಸೆಸರಿಗೆ ಅದು ಬೇಕಿಲ್ಲ. 2021ರಲ್ಲಿ ಅವರು ಫ್ಯಾನೇ ಇಲ್ಲದ ಎನ್‌ಎಚ್-ಪಿ1 ಎಂಬುದನ್ನೂ ತಂದರು, ತೂಕ 1,180 ಗ್ರಾಂ. ಪೂರ್ತಿ ನಿಶ್ಶಬ್ದ. ಆದರೆ ಬಿಸಿ ಗಾಳಿ ತಾನಾಗಿ ಮೇಲೇರುವುದನ್ನೇ ನಂಬಿರುವ ಆ ವ್ಯವಸ್ಥೆಯನ್ನು ನಿಮ್ಮೂರಿನ ಬೇಸಿಗೆಗೆ ನಾನು ಹೇಳಲಾರೆ.

ಇನ್ನು ವಾಟರ್ ಕೂಲರ್. ಅಂಗಡಿಯವರ ಸಲಹೆ ನಿಮಗೆ ಒಪ್ಪುವುದಿಲ್ಲ. ಅದರಲ್ಲಿ ಪ್ರೊಸೆಸರಿನ ಬಿಸಿ ಹೊತ್ತ ನೀರನ್ನು ಸುತ್ತಿಸುವ ಒಂದು ಪಂಪ್ ಇರುತ್ತದೆ. ಕಂಪ್ಯೂಟರ್ ಹಚ್ಚಿದ ಕ್ಷಣದಿಂದ ಆರಿಸುವವರೆಗೂ, ಪ್ರೊಸೆಸರ್ ಸುಮ್ಮನಿದ್ದಾಗಲೂ, ಅದು ತಿರುಗುತ್ತಲೇ ಇರಬೇಕು. ಅದರ ಸಣ್ಣ ಕಿರ್ ಎಂಬ ಸ್ವರ ಫ್ಯಾನಿನ ಗಾಳಿಯ ಸದ್ದಿಗಿಂತ ತೀಕ್ಷ್ಣ, ರೆಕಾರ್ಡಿಂಗಿನಲ್ಲಿ ಎದ್ದು ಕೇಳುತ್ತದೆ. ಮೇಲಾಗಿ ನೀರನ್ನು ತಣಿಸಲು ಅಲ್ಲಿಯೂ ಫ್ಯಾನುಗಳೇ ಬೇಕು. ವರ್ಷಗಳು ಕಳೆದಂತೆ ರಬ್ಬರ್ ಕೊಳವೆಗಳ ಮೂಲಕ ದ್ರವ ನಿಧಾನವಾಗಿ ಇಂಗಿಹೋಗುತ್ತದೆ, ಪಂಪ್ ಸವೆಯುತ್ತದೆ, ಆಗ ಇಡೀ ಘಟಕವನ್ನೇ ಬಿಸಾಡಬೇಕು. ಗೋಪುರದ ಕೂಲರಿನಲ್ಲಿ ಸವೆಯುವುದು ಫ್ಯಾನ್ ಒಂದೇ, ಅದನ್ನಷ್ಟೇ ಬದಲಿಸಿದರಾಯಿತು. 250 ವ್ಯಾಟ್ ಕುಡಿಯುವ ಪ್ರೊಸೆಸರಿಗೆ ನೀರಿನ ಮಾತು ಬೇರೆ.

ತಮ್ಮನ ಹೈಪರ್ 212 ಒಳ್ಳೆಯ ಕೂಲರೇ, ಒಂದು ತೊಡಕಿದೆ. ನಿಮ್ಮ ಪ್ರೊಸೆಸರ್ ಕೂರುವ ಎಲ್‌ಜಿಎ1700 ಸಾಕೆಟ್ ಬಂದದ್ದು 2021ರ ಕೊನೆಗೆ. ಅದಕ್ಕೂ ಮೊದಲಿನ ಎಲ್‌ಜಿಎ1200ರವರೆಗೆ ಕಂಪ್ಯೂಟರಿನ ಮುಖ್ಯ ಫಲಕವಾದ ಮದರ್‌ಬೋರ್ಡಿನಲ್ಲಿ ಕೂಲರಿನ ನಾಲ್ಕು ತೂತುಗಳ ನಡುವಿನ ಅಂತರ 75 ಮಿಲಿಮೀಟರ್ ಇತ್ತು, 1700ರಲ್ಲಿ ಅದು 78 ಆಯಿತು. ಸಾಕೆಟ್ಟಿನ ಎತ್ತರವೂ ಬದಲಾಯಿತು. ಬರೀ ಮೂರು ಮಿಲಿಮೀಟರ್ ಅಲ್ಲವೇ ಎಂದು ಕೂಲರನ್ನು ಹಿಡಿದಿಡುವ ಹಳೆಯ ಪಟ್ಟಿಯನ್ನು ಒತ್ತಿ ಕೂರಿಸುವವರನ್ನು ನೋಡಿದ್ದೇನೆ. ಒಂದು ಮೂಲೆ ಮೇಲೆದ್ದು ಕೂರುತ್ತದೆ, ಬಿಸಿ ಏರುತ್ತದೆ, ಫ್ಯಾನ್ ಮತ್ತೆ ಕೂಗುತ್ತದೆ. ನಿಮ್ಮ ತಮ್ಮನ ಮಾದರಿಗೆ ಒಪ್ಪುವ ಎಲ್‌ಜಿಎ1700 ಪಟ್ಟಿ ಸಿಕ್ಕರೆ ಮಾತ್ರ ಬಳಸಿ. ಹೊಸ ಕೂಲರ್ ಕೊಳ್ಳುವಾಗಲೂ ಪೆಟ್ಟಿಗೆಯ ಮೇಲೆ ಎಲ್‌ಜಿಎ1700 ಎಂದು ಬರೆದಿರುವುದನ್ನು ಕಣ್ಣಾರೆ ನೋಡಿಯೇ ದುಡ್ಡು ಕೊಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಾಗಲಿ ನಿಮ್ಮೂರಿನ ಅಂಗಡಿಯಾಗಲಿ, ವರ್ಷಗಳಿಂದ ಕಪಾಟಿನಲ್ಲಿ ಕೂತ ಹಳೆಯ ದಾಸ್ತಾನು ಎಲ್ಲೆಡೆ ಇರುತ್ತದೆ.

ಎತ್ತರವನ್ನೂ ಮೊದಲೇ ನೋಡಬೇಕು. ಕ್ಯಾಬಿನೆಟ್ಟಿನ ವಿವರಪಟ್ಟಿಯಲ್ಲಿ ಕೂಲರಿಗೆ ಎಷ್ಟು ಎತ್ತರ ಸಿಗುತ್ತದೆ ಎಂದು ಕೊಟ್ಟಿರುತ್ತಾರೆ. ಅದು 155ಕ್ಕಿಂತ ಮೂರು ನಾಲ್ಕು ಮಿಲಿಮೀಟರ್ ಹೆಚ್ಚಿರಲಿ, ಇಲ್ಲದಿದ್ದರೆ ಬಾಗಿಲು ಮುಚ್ಚುವುದಿಲ್ಲ. ಜಾಗ ಕಡಿಮೆಯಿದ್ದರೆ ಥರ್ಮಲ್‌ರೈಟ್‌ನದೇ ಅಸಾಸಿನ್ ಎಕ್ಸ್ 120 ರಿಫೈನ್ಡ್ ಎಸ್‌ಇ 148 ಮಿಲಿಮೀಟರ್‌ಗೆ ಮುಗಿಯುತ್ತದೆ. ಎರಡು ಗೋಪುರದ ಕೂಲರಿನ ಮುಂದಿನ ಫ್ಯಾನ್ ರ್‍ಯಾಮ್ ಪಟ್ಟಿಗಳ ಮೇಲೆ ಚಾಚಿಕೊಳ್ಳುತ್ತದೆ. ಅಲಂಕಾರವಿಲ್ಲದ ರ್‍ಯಾಮ್ ಸುಮಾರು 31 ಮಿಲಿಮೀಟರ್ ಎತ್ತರ ಇರುತ್ತದೆ, ತೊಂದರೆಯಿಲ್ಲ. ಬಣ್ಣದ ದೀಪ, ಎತ್ತರದ ಕವಚ ಇರುವಂಥದ್ದಾದರೆ ಫ್ಯಾನನ್ನು ಮೇಲಕ್ಕೆ ಸರಿಸಬೇಕಾಗುತ್ತದೆ, ಆಗ ಬಾಗಿಲಿನ ಲೆಕ್ಕ ತಪ್ಪುತ್ತದೆ.

ಜೋಡಿಸುವ ಕೆಲಸ ನೀವೇ ಮಾಡಬಹುದು, ಅವಸರ ಮಾಡದಿದ್ದರೆ ಸಾಕು. ಹಳೆಯ ಕೂಲರ್ ತೆಗೆಯುವ ಮುನ್ನ ಕಂಪ್ಯೂಟರನ್ನು ಹತ್ತು ನಿಮಿಷ ಓಡಿಸಿ, ಪ್ರೊಸೆಸರಿನಿಂದ ಕೂಲರಿಗೆ ಬಿಸಿ ದಾಟಿಸಲು ನಡುವೆ ಹಚ್ಚಿದ್ದ, ಈಗ ಒಣಗಿದ ಪೇಸ್ಟ್ ಮೆತ್ತಗಾಗುತ್ತದೆ. ಬಳಿಕ ಆರಿಸಿ, ವಿದ್ಯುತ್ ತಂತಿ ಕಿತ್ತು, ಕೂಲರಿನ ನಾಲ್ಕು ಪ್ಲಾಸ್ಟಿಕ್ ಗುಂಡಿಗಳನ್ನು ಅವುಗಳ ಮೇಲಿನ ಬಾಣದ ದಿಕ್ಕಿಗೆ ತಿರುಗಿಸಿ ಮೇಲಕ್ಕೆಳೆಯಿರಿ. ಪ್ರೊಸೆಸರಿನ ಮೇಲಿನ ಬೂದು ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಲೋಹ ಹೊಳೆಯುವವರೆಗೆ ಒರೆಸಿ. ಹೊಸ ಪೇಸ್ಟ್ ನಡುವೆ ಒಂದು ಬಟಾಣಿ ಕಾಳಿನಷ್ಟು ಸಾಕು. ಕೂಲರಿನ ಪೀಠಕ್ಕೆ ಅಂಟಿಸಿರುವ ಪಾರದರ್ಶಕ ಹಾಳೆಯನ್ನು ಮರೆಯದೆ ಕೀಳಿ. ಹೊಸ ಕೂಲರ್ ಹಾಕಿಯೂ ಬಿಸಿ ಇಳಿದಿಲ್ಲ ಎಂದು ನನ್ನ ಬಳಿ ಬಂದ ಒಂದು ಕಂಪ್ಯೂಟರನ್ನು ಬಿಚ್ಚಿ ನೋಡಿದರೆ ಆ ಹಾಳೆ ಹಾಗೆಯೇ ಇತ್ತು, ಪೇಸ್ಟೆಲ್ಲ ಅದರ ಮೇಲೆಯೇ ಹರಡಿಕೊಂಡಿತ್ತು. ಸ್ಕ್ರೂಗಳನ್ನು ಒಂದೇ ಬಾರಿಗೆ ಪೂರ್ತಿ ಬಿಗಿಯಬೇಡಿ. ಒಂದಕ್ಕೆ ಎರಡು ಸುತ್ತು, ಅದರ ಎದುರಿನದಕ್ಕೆ ಎರಡು ಸುತ್ತು, ಹೀಗೆ ಸರದಿಯಂತೆ ಬಿಗಿಯಿರಿ. ಫ್ಯಾನಿನ ಗಾಳಿ ಕ್ಯಾಬಿನೆಟ್ಟಿನ ಹಿಂಬದಿಗೆ ಹೋಗುವಂತಿರಲಿ. ಸಾಮಾನ್ಯವಾಗಿ ಮಧ್ಯದ ಮೋಟರನ್ನು ಹಿಡಿದಿರುವ ಕಡ್ಡಿಗಳು ಕಾಣುವ ಬದಿಯಿಂದ ಗಾಳಿ ಹೊರಬೀಳುತ್ತದೆ.

ಇಷ್ಟಾದ ಮೇಲೂ ಕಂಪ್ಯೂಟರ್ ಆಗಾಗ ಮೊರೆದರೆ ಕೂಲರನ್ನು ಬೈಯಬೇಡಿ. ಫ್ಯಾನಿಗೆ ಅಪ್ಪಣೆ ಕೊಡುವುದು ಬಯೋಸ್, ಅಂದರೆ ಮದರ್‌ಬೋರ್ಡಿನೊಳಗೇ ಇರುವ ಮೂಲ ತಂತ್ರಾಂಶ. ಒಂದು ಬ್ರೌಸರ್ ಪುಟ ತೆರೆದರೂ ಪ್ರೊಸೆಸರಿನ ತಾಪ ಒಂದೆರಡು ಸೆಕೆಂಡಿಗೆ ಹದಿನೈದು ಇಪ್ಪತ್ತು ಡಿಗ್ರಿ ಜಿಗಿಯಬಹುದು, ಏಕೆಂದರೆ ಬಿಸಿ ಹುಟ್ಟುವ ಸಿಲಿಕಾನ್ ಚೂರು ಉಗುರಿನಷ್ಟು ಚಿಕ್ಕದು. ಅದರ ಮೇಲಿರುವ ಲೋಹದ ಗೋಪುರಕ್ಕೆ ಆ ಬಿಸಿ ತಟ್ಟುವುದೇ ಇಲ್ಲ. ಬಯೋಸ್ ಮಾತ್ರ ಪ್ರತಿ ಜಿಗಿತಕ್ಕೂ ಬೆಚ್ಚಿ ಫ್ಯಾನನ್ನು ಓಡಿಸುತ್ತದೆ. ನಿಮ್ಮ ಪಾಠದ ನಡುವೆ ಕೇಳುವುದು ಈ ಬೆಚ್ಚುವಿಕೆಯೇ. ಒಂದೇ ಸಮನೆ ಬರುವ ಮೆಲು ಸದ್ದನ್ನು ಕಿವಿ ಸ್ವಲ್ಪ ಹೊತ್ತಿಗೆ ಮರೆತುಬಿಡುತ್ತದೆ, ಏರಿಳಿಯುವ ಸದ್ದನ್ನು ಮರೆಯುವುದಿಲ್ಲ.

ಕಂಪ್ಯೂಟರ್ ಹಚ್ಚಿದ ಕೂಡಲೇ ಡಿಲೀಟ್ ಕೀಲಿ ಒತ್ತುತ್ತ ಬಯೋಸ್ ಒಳಗೆ ಹೋಗಿ. ಆಸುಸ್ ಬೋರ್ಡಿನಲ್ಲಿ ಕ್ಯೂ-ಫ್ಯಾನ್, ಗಿಗಾಬೈಟ್‌ನಲ್ಲಿ ಸ್ಮಾರ್ಟ್ ಫ್ಯಾನ್ ಎಂಬ ಹೆಸರಿನಲ್ಲಿ ತಾಪಕ್ಕೂ ವೇಗಕ್ಕೂ ಇರುವ ನಕ್ಷೆ ಸಿಗುತ್ತದೆ. ನಿಮಗೆ ಚಿರಪರಿಚಿತವಾದ ಎಕ್ಸ್ ಅಕ್ಷ, ವೈ ಅಕ್ಷವೇ ಅದು. ಸಿಪಿಯು ಫ್ಯಾನ್ ಎಂಬ ನಾಲ್ಕು ಪಿನ್‌ಗಳ ಜಾಗಕ್ಕೇ ತಂತಿ ಹಾಕಿದ್ದೀರಿ ಎಂದು ಖಚಿತಪಡಿಸಿಕೊಂಡು, 65 ಡಿಗ್ರಿಯವರೆಗೆ ಗೆರೆಯನ್ನು 40 ಪ್ರತಿಶತದಲ್ಲಿ ಚಪ್ಪಟೆಯಾಗಿ ಇಡಿ. ಅಲ್ಲಿಂದ 80 ಡಿಗ್ರಿಗೆ 65 ಪ್ರತಿಶತ ಮುಟ್ಟಲಿ, 90ಕ್ಕೆ ಪೂರ್ಣ ವೇಗ. ಈ ಪ್ರೊಸೆಸರಿನ ಗರಿಷ್ಠ ಮಿತಿ 100 ಡಿಗ್ರಿ, ಆದ್ದರಿಂದ 75ರಲ್ಲಿ ಓಡಿದರೆ ಗಾಬರಿ ಬೇಡ. ಏರಿಕೆ ಮತ್ತು ಇಳಿಕೆಯ ವಿಳಂಬ ಎಂಬ ಆಯ್ಕೆ ಇದ್ದರೆ ಅದಕ್ಕೆ ಕೆಲವು ಸೆಕೆಂಡು ಕೊಡಿ, ಫ್ಯಾನ್ ಚಿಲ್ಲರೆ ಜಿಗಿತಗಳ ಬೆನ್ನು ಹತ್ತುವುದಿಲ್ಲ. ಬಹುತೇಕ ಬೋರ್ಡುಗಳಲ್ಲಿ ಪ್ರೊಸೆಸರಿನ ಅಲ್ಪಾವಧಿಯ ವಿದ್ಯುತ್ ಮಿತಿಯನ್ನು 117ರಿಂದ 65 ವ್ಯಾಟ್‌ಗೆ ಇಳಿಸಲೂ ಬರುತ್ತದೆ. ವಿಡಿಯೊ ಹೊರತೆಗೆಯಲು ಸ್ವಲ್ಪ ಹೆಚ್ಚು ಹೊತ್ತು ಹಿಡಿದೀತು, ಪಾಠ ರೆಕಾರ್ಡ್ ಮಾಡುವಾಗ ವ್ಯತ್ಯಾಸವೇ ತಿಳಿಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಹೀಗೆ ಮಾಡಿ ನೋಡಿ.

ನಿಮ್ಮ ಕಡೆಯ ಎರೆಮಣ್ಣಿನ ದೂಳು ಬಹಳ ನಯ. ತಗಡುಗಳ ಸಂದಿಯಲ್ಲಿ ಕೂತು ಕಂಬಳಿಯಂತೆ ಹೆಣೆದುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಬಣ್ಣ ಬಳಿಯುವ ಮೆತ್ತನೆಯ ಬ್ರಷ್ಷಿನಿಂದ ಕೆಡವಿ. ಗಾಳಿ ಊದುವುದಾದರೆ ಫ್ಯಾನನ್ನು ಬೆರಳಿನಿಂದ ತಿರುಗದಂತೆ ಹಿಡಿದುಕೊಳ್ಳಿ. ಬರೀ ಊದಿದರೆ ಅದು ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಕೆಡುತ್ತದೆ. ಕಂಪ್ಯೂಟರನ್ನು ಎಂದಾದರೂ ಬಸ್ಸಿನಲ್ಲೋ ಕಾರಿನಲ್ಲೋ ಸಾಗಿಸಬೇಕಾದರೆ ಗೋಪುರ ನೇರ ನಿಲ್ಲುವಂತೆ ಕ್ಯಾಬಿನೆಟ್ಟನ್ನು ಮಲಗಿಸಿ ಒಯ್ಯಿರಿ, ಇಲ್ಲವೇ ಕೂಲರನ್ನು ಬಿಚ್ಚಿಡಿ. ಅಡ್ಡಕ್ಕೆ ನೇತಾಡುವ ಆ ಭಾರ ಗುಂಡಿ ಬಿದ್ದ ರಸ್ತೆಯಲ್ಲಿ ಮದರ್‌ಬೋರ್ಡನ್ನು ಜಗ್ಗುತ್ತದೆ.

ಇನ್ನೊಂದು, ಇದಕ್ಕೆ ಪೈಸೆ ಖರ್ಚಿಲ್ಲ. ಕ್ಯಾಬಿನೆಟ್ ಈಗ ಮೇಜಿನ ಮೇಲೆ ಮೈಕಿನ ಪಕ್ಕದಲ್ಲೇ ಇದ್ದರೆ ಇಂದೇ ಕೆಳಗಿಳಿಸಿ. ಮರದ ಮೇಜು ತಬಲಾದಂತೆ ಅದರ ನಡುಕವನ್ನೆಲ್ಲ ಹಿಡಿದು ಮೈಕಿಗೆ ಮುಟ್ಟಿಸುತ್ತದೆ. ಎರಡರ ಲಾಗರಿದಮ್ಮನ್ನು ಕೊನೆಯ ಬಾರಿಗೆ ತೆಗೆದು 20ರಿಂದ ಗುಣಿಸಿ: ಗೋಡೆಗಳ ಪ್ರತಿಧ್ವನಿ ಬಿಟ್ಟು ಲೆಕ್ಕ ಹಾಕಿದರೆ, ದೂರ ಎರಡು ಪಟ್ಟಾದಾಗ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ನೆಲದ ಮೇಲೆ ದಪ್ಪ ಚಾಪೆ ಅಥವಾ ರಬ್ಬರ್ ಹಾಸಿ ಅದರ ಮೇಲಿಡಿ. ಮೈಕ್ ಒಂದೇ ದಿಕ್ಕಿನಿಂದ ಕೇಳಿಸಿಕೊಳ್ಳುವ ಮಾದರಿಯದಾದರೆ ಅದರ ಬೆನ್ನು ಕಂಪ್ಯೂಟರಿನ ಕಡೆಗಿರಲಿ, ಬಾಯಿಯಿಂದ ಒಂದು ಗೇಣಿನಷ್ಟು ದೂರಕ್ಕೆ ತನ್ನಿ. ನಾಳೆಯ ಪಾಠವನ್ನು ಹೀಗೆ ರೆಕಾರ್ಡ್ ಮಾಡಿ, ಹೆಡ್‌ಫೋನಿನಲ್ಲಿ ಕೇಳಿ ನೋಡಿದ ಮೇಲೆ ಕೂಲರಿನ ಅಂಗಡಿಗೆ ಹೋಗಿ.